ಎರಡು ಗಬ್ಬೂರು, ಒಂದೇ ಕೌಂಟರು

ನಮ್ಮೂರು ಗಬ್ಬೂರು ಅಂತ ಹೇಳಿದರೆ ಸಾಕು, ಆಫೀಸಿನಲ್ಲಿರುವ ಹುಬ್ಬಳ್ಳಿ ಕಡೆಯ ಗೆಳೆಯರು "ಓ, ಬೈಪಾಸ್ ಹತ್ರ ಅಲ್ಲೇನು?" ಅಂತ ಶುರು ಮಾಡುತ್ತಾರೆ. ಅಲ್ಲಪ್ಪಾ, ಅದು ಹುಬ್ಬಳ್ಳಿಯ ಗಬ್ಬೂರು. ನಮ್ಮದು ರಾಯಚೂರು ಜಿಲ್ಲೆ, ದೇವದುರ್ಗ ತಾಲೂಕಿನ ಗಬ್ಬೂರು. ಹಳೇ ಗುಡಿಗಳು, ಶಾಸನಗಳು ಇರುವ ಊರು. ಎಷ್ಟು ಸಲ ಹೇಳಿದರೂ ಮುಂದಿನ ವಾರ ಮತ್ತೆ ಅದೇ ಪ್ರಶ್ನೆ. ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಗಬ್ಬೂರು ಅಂದರೆ ಯಾರಿಗೂ ಗೊಂದಲವಿಲ್ಲ. ಹುಬ್ಬಳ್ಳಿಯಲ್ಲಿ ನಿಂತು ಅಂದರೂ ಇಲ್ಲ. ಎರಡೂ ಕಡೆಯವರು ಬೆಂಗಳೂರಿನಲ್ಲಿ ಒಂದೇ ಟೇಬಲ್ಲಿಗೆ ಚಹಾ ಕುಡಿಯಲು ಕೂತಾಗಲೇ ತೊಂದರೆ.

ಇದೇ ತೊಂದರೆ ನಾನು ಬರೆದ ಪ್ರೋಗ್ರಾಮಿನಲ್ಲೂ ಆಯಿತು. ಅದರಿಂದ ನಮ್ಮ ಕಾಕಾನ ಬೋರ್‌ವೆಲ್ ಮೋಟಾರು ಸುಟ್ಟುಹೋಯಿತು. ಆ ಕಥೆಯನ್ನೂ, ಆಮೇಲೆ ನನಗೆ ಹಿಡಿದ ಒಂದು ಹಟವನ್ನೂ ಇವತ್ತು ಬರೆಯುತ್ತಿದ್ದೇನೆ. ಕಂಪ್ಯೂಟರಿನವರಲ್ಲದ ಬ್ಲಾಗಿಗರು ದಯವಿಟ್ಟು ಓಡಿಹೋಗಬೇಡಿ. ಕೋಡು ಬಹಳ ಇಲ್ಲ, ಇರುವುದೂ ಕನ್ನಡದಲ್ಲೇ ಇದೆ :-)

ಕಾಲೇಜು ಮುಗಿಸಿ ನಾನು ಸೇರಿದ್ದು ಒಂದು ಸಣ್ಣ ಕಂಪನಿ. ರೈತರ ಪಂಪ್‌ಸೆಟ್ಟಿಗೆ ಹಾಕುವ ಮೊಬೈಲ್ ಸ್ಟಾರ್ಟರ್ ಮಾಡುತ್ತಿದ್ದೆವು. ನಮ್ಮ ಕಡೆ ಹೊಲಕ್ಕೆ ತ್ರೀ ಫೇಸ್ ಕರೆಂಟು ಬರುವುದು ಎಷ್ಟೋ ಸಲ ರಾತ್ರಿ. ಕತ್ತಲಲ್ಲಿ ಹಾವು ಚೇಳು ತುಳಿದುಕೊಂಡು ಹೋಗಿ ಸ್ಟಾರ್ಟರ್ ಒತ್ತುವ ಬದಲು, ಕರೆಂಟು ಬಂದ ಕೂಡಲೇ ಡಬ್ಬಿ ತಾನೇ ಮೋಟಾರು ಶುರು ಮಾಡುತ್ತದೆ, ಏನಾದರೂ ಆದರೆ ಮೆಸೇಜ್ ಕಳಿಸುತ್ತದೆ. ಬೋರಿನಲ್ಲಿ ನೀರು ಇಳಿದು ಮೋಟಾರು ಖಾಲಿ ತಿರುಗಿದರೆ ಅದು ಎಳೆಯುವ ಕರೆಂಟು ಕಡಿಮೆಯಾಗುತ್ತದೆ. ಅದನ್ನು ನೋಡಿ ಡಬ್ಬಿ ಮೋಟಾರು ನಿಲ್ಲಿಸಬೇಕು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಬೇಕು, ಮೂರು ಸಲವೂ ನೀರಿಲ್ಲದಿದ್ದರೆ ಪೂರ್ತಿ ಬೀಗ ಹಾಕಬೇಕು. ಸಬ್‌ಮರ್ಸಿಬಲ್ ಮೋಟಾರು ತಣ್ಣಗಿರುವುದೇ ಸುತ್ತಲಿನ ನೀರಿನಿಂದ. ನೀರಿಲ್ಲದೆ ಓಡಿಸುತ್ತಾ ಹೋದರೆ ಒಳಗಿನ ವೈಂಡಿಂಗ್ ಸುಡುತ್ತದೆ.

ಮೋಟಾರಿನ ಕೋಡು ಬರೆದವನು ನಾನು. ಮೆಸೇಜ್ ಕಳಿಸುವ ಮೋಡೆಮ್ಮಿನ ಕೋಡು ಬರೆದವನು ಪಕ್ಕದ ಸೀಟಿನ ಗೆಳೆಯ. ಪರೀಕ್ಷೆಗೆ ಅಂತ ಒಂದು ಡಬ್ಬಿಯನ್ನು 2019ರ ಬೇಸಿಗೆಯಲ್ಲಿ ನಾನೇ ಹೆಮ್ಮೆಯಿಂದ ಊರಿಗೆ ಒಯ್ದು ಕಾಕಾನ ಹೊಲದಲ್ಲಿ ಹಚ್ಚಿ ಬಂದೆ. ಇಪ್ಪತ್ತು ದಿನಕ್ಕೆ ಫೋನ್ ಬಂತು.

"ತಮ್ಮಾ, ನಿನ್ನ ಡಬ್ಬಿ ಏನೋ ಚೊಲೋ ಐತಿ, ಆದ್ರ ಮೋಟಾರ ಸುಟ್ಟೈತಿ ನೋಡು."

ನಾವೇನು ಮಾಡಿದೆವು? ಡಬ್ಬಿ ವಾಪಸ್ ತರಿಸಿ ಬೆಂಚಿನ ಮೇಲೆ ಇಟ್ಟು ನೋಡಿದೆವು. ನೀರಿಲ್ಲ ಅಂತ ಸುಳ್ಳು ಸಿಗ್ನಲ್ ಕೊಟ್ಟರೆ ಚೊಕ್ಕವಾಗಿ ಬೀಗ ಬೀಳುತ್ತಿತ್ತು. ಹಾಗಾದರೆ ತಪ್ಪು ವೋಲ್ಟೇಜಿನದೇ ಅಂತ ತೀರ್ಮಾನಿಸಿ "ಕಾಕಾ, ಅಲ್ಲಿ ಕರೆಂಟ ಸರಿ ಇಲ್ಲ" ಅಂದುಬಿಟ್ಟೆ. ಕಾಕಾ ನಂಬಿದ. ಇಂಜಿನಿಯರ್ ಹುಡುಗ ಹೇಳಿದ ಮೇಲೆ ಮುಗೀತಲ್ಲ! ಮೋಟಾರು ಮೇಲೆತ್ತಿಸಿ, ರಿವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವ ಖರ್ಚೆಲ್ಲ ಅವನೇ ಹಾಕಿಕೊಂಡ. ಅಷ್ಟರಲ್ಲಿ ಮೆಣಸಿನಕಾಯಿ ಮಡಿಗಳು ಒಣಗಿದ್ದವು.

ಸತ್ಯ ಗೊತ್ತಾಗಿದ್ದು 2021ರಲ್ಲಿ. ಆಗ ಮನೆಯಿಂದಲೇ ಕೆಲಸ, ನಾನು ಗಬ್ಬೂರಿನಲ್ಲೇ ಇದ್ದೆ. ಕಂಪನಿಯಲ್ಲಿ ಹಳೇ ಕಂಪೈಲರ್ ಬಿಟ್ಟು ಜಿಸಿಸಿ 10ಕ್ಕೆ ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಬಿಲ್ಡ್ ಮಾಡಿದರೆ ಲಿಂಕರ್ ಎರರ್: "ರಿಟ್ರೈ_ಕೌಂಟ್" ಎಂಬ ಹೆಸರು ಎರಡು ಕಡೆ ಹುಟ್ಟಿದೆ. ಒಂದು ಮೋಟಾರಿನ ಫೈಲು, ಇನ್ನೊಂದು ಮೋಡೆಮ್ಮಿನ ಫೈಲು. ಎರಡರಲ್ಲೂ ಫಂಕ್ಷನ್‌ಗಳ ಹೊರಗೆ, ಫೈಲಿನ ತಲೆಯಲ್ಲಿ, ಒಂದೇ ಸಾಲು:

ಇಂಟ್ ರಿಟ್ರೈ_ಕೌಂಟ್;

ಇಲ್ಲಿ ಸ್ವಲ್ಪ ನಿಂತು ಪಾಠ ಹೇಳಲೇಬೇಕು. ಸಿ ಭಾಷೆಯಲ್ಲಿ ಒಂದು ಹೆಸರಿಗೆ ಎರಡು ಬೇರೆ ಬೇರೆ ಗಡಿಗಳಿವೆ. ಮೊದಲನೆಯದು ಸ್ಕೋಪ್. ಆ ಹೆಸರು ಕೋಡಿನಲ್ಲಿ ಎಲ್ಲಿಂದ ಎಲ್ಲಿಯವರೆಗೆ ಕಾಣುತ್ತದೆ ಎಂಬುದು. ಅದನ್ನು ನೋಡಿಕೊಳ್ಳುವವನು ಕಂಪೈಲರ್, ಮತ್ತು ಅವನು ಒಂದು ಸಲಕ್ಕೆ ಒಂದೇ ಫೈಲು ನೋಡುತ್ತಾನೆ. ಎರಡನೆಯದು ಲಿಂಕೇಜ್. ಬೇರೆ ಬೇರೆ ಫೈಲುಗಳಲ್ಲಿರುವ ಒಂದೇ ಹೆಸರು ಒಂದೇ ವಸ್ತುವೋ ಬೇರೆಯೋ ಎಂಬುದು. ಅದು ಲಿಂಕರ್ ಕೆಲಸ. ಫಂಕ್ಷನ್ ಒಳಗಿನ ಸಾಮಾನ್ಯ ವೇರಿಯಬಲ್‌ಗೆ ಲಿಂಕೇಜ್ ಇಲ್ಲ. ಫಂಕ್ಷನ್ ಹೊರಗೆ ಸ್ಟಾಟಿಕ್ ಅಂತ ಬರೆದರೆ ಲಿಂಕೇಜ್ ಆ ಫೈಲಿನ ಒಳಗೇ ನಿಲ್ಲುತ್ತದೆ. ಏನೂ ಬರೆಯದಿದ್ದರೆ? ಹೆಸರು ಊರೆಲ್ಲಾ ಸುತ್ತುತ್ತದೆ! ಗಬ್ಬೂರಿನ ತೊಂದರೆ ಇದೇ. ತಾಲೂಕಿನ ಒಳಗೆ ಸರಿ, ರಾಜ್ಯದ ಮಟ್ಟಕ್ಕೆ ಹೋದಾಗ ಡಿಕ್ಕಿ.

ಡಿಕ್ಕಿ ಹೊಡೆದರೆ ಎರರ್ ಬರಬೇಕಲ್ಲ, 2019ರಲ್ಲಿ ಯಾಕೆ ಬರಲಿಲ್ಲ? ಸೊನ್ನೆ ಅಂತ ಕೂಡ ಬೆಲೆ ಕೊಡದೆ ಬರೆದ ಇಂಥ ಸಾಲುಗಳನ್ನು ಹಳೇ ಜಿಸಿಸಿ "ಕಾಮನ್" ಎಂಬ ಗುಂಪಿಗೆ ಹಾಕುತ್ತಿತ್ತು. ಫೋರ್ಟ್ರಾನ್ ಕಾಲದಿಂದ ಬಂದ ಪದ್ಧತಿ ಅದು. ಲಿಂಕರ್ ಒಂದೇ ಹೆಸರಿನ ಎರಡನ್ನು ಕಂಡರೆ, ಇಬ್ಬರೂ ಒಂದೇ ವಸ್ತುವಿನ ಬಗ್ಗೆ ಹೇಳುತ್ತಿದ್ದಾರೆ ಅಂದುಕೊಂಡು ಸುಮ್ಮನೆ ಒಂದೇ ಜಾಗ ಕೊಡುತ್ತಿತ್ತು. ಸಿ ಸ್ಟ್ಯಾಂಡರ್ಡ್ ಪ್ರಕಾರ ಹೀಗೆ ಎರಡು ಕಡೆ ಹುಟ್ಟಿಸುವುದೇ ತಪ್ಪು, ಆದರೆ ಹಿಡಿಯಲೇಬೇಕೆಂಬ ಕಟ್ಟಳೆ ಇಲ್ಲ. 2020ರ ಮೇ ತಿಂಗಳಲ್ಲಿ ಬಂದ ಜಿಸಿಸಿ 10 ಈ ಔದಾರ್ಯವನ್ನು ನಿಲ್ಲಿಸಿತು. ತಮಾಷೆ ಏನೆಂದರೆ, ನಾವಿಬ್ಬರೂ "ಸಮ ಸೊನ್ನೆ" ಅಂತ ಬರೆದಿದ್ದರೆ ಹಳೇ ಕಂಪೈಲರಿನಲ್ಲೂ ಅವತ್ತೇ ಸಿಕ್ಕಿಬೀಳುತ್ತಿದ್ದೆವು.

ಈಗ ಕಾಕಾನ ಹೊಲಕ್ಕೆ ಬನ್ನಿ. ನೀರಿಲ್ಲ, ನನ್ನ ಕೋಡು ಎಣಿಕೆಯನ್ನು ಒಂದಕ್ಕೆ ಏರಿಸಿತು, ಮೋಟಾರು ನಿಲ್ಲಿಸಿತು, ಮೆಸೇಜ್ ಕಳಿಸು ಅಂದಿತು. ಮೆಸೇಜ್ ಹೋಯಿತು. ಹೋದ ಖುಷಿಗೆ ಮೋಡೆಮ್ಮಿನ ಕೋಡು ತನ್ನ ಎಣಿಕೆಯನ್ನು ಸೊನ್ನೆ ಮಾಡಿತು. ಅದು ನನ್ನ ಎಣಿಕೆಯೂ ಹೌದು! ಮತ್ತೆ ಮೋಟಾರು ಶುರು, ಮತ್ತೆ ಒಂದು, ಮತ್ತೆ ಮೆಸೇಜ್, ಮತ್ತೆ ಸೊನ್ನೆ. ಮೂರು ಆಗುವುದೇ ಇಲ್ಲ. ಬೀಗ ಬೀಳುವುದೇ ಇಲ್ಲ. ನಮ್ಮ ಬೆಂಚಿನ ಮೇಲಿದ್ದ ಡಬ್ಬಿಗೆ ಸಿಮ್ ಹಾಕಿರಲಿಲ್ಲ. ಅಲ್ಲಿ ಮೆಸೇಜ್ ಹೋಗದೆ ಮೋಡೆಮ್ಮಿನ ಕೋಡೂ ಎಣಿಕೆ ಏರಿಸುತ್ತಿತ್ತು, ಬೀಗ ಬೇಗನೇ ಬೀಳುತ್ತಿತ್ತು. ನಾವು ಶಭಾಷ್ ಅಂದುಕೊಂಡೆವು. ಮೋಟಾರು ಸುಟ್ಟ ರಾತ್ರಿ ಕಾಕಾನ ಫೋನಿಗೆ "ನೀರಿಲ್ಲ" ಅಂತ ಸಾಲು ಸಾಲು ಮೆಸೇಜ್ ಬಂದಿದ್ದವಂತೆ, ಅವನು ಮಲಗಿದ್ದ. ಆ ಮೆಸೇಜ್‌ಗಳ ಬಗ್ಗೆ ನಾನು 2019ರಲ್ಲಿ ಒಂದು ಮಾತು ಕೇಳಿದ್ದರೂ ತಪ್ಪು ಸಿಗುತ್ತಿತ್ತು. ಕೇಳಲಿಲ್ಲ.

ಇಷ್ಟು ಹೇಳಿದ್ದು ಮುಂದಿನ ಮಾತಿಗಾಗಿ. ಲಿಂಕರ್ ಎರರ್ ಬಂದಿದೆ ಅಂತ ಗ್ರೂಪಿನಲ್ಲಿ ಹಾಕಿದಾಗ ಎರಡು ನಿಮಿಷದಲ್ಲಿ ಉತ್ತರ ಬಂತು: "ಎಫ್‌ಕಾಮನ್ ಫ್ಲ್ಯಾಗ್ ಹಾಕಿ ಬಿಡು, ಬಿಲ್ಡ್ ಆಗುತ್ತೆ." ಹೌದು, ಆಗುತ್ತದೆ. ಆ ಒಂದು ಫ್ಲ್ಯಾಗ್ ಹಾಕಿದರೆ ಹೊಸ ಕಂಪೈಲರ್ ಹಳೆಯದರಂತೆ ಬಾಯಿ ಮುಚ್ಚಿಕೊಳ್ಳುತ್ತದೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೂ ಎಷ್ಟೋ ಕಡೆ ಮೊದಲ ಉತ್ತರ ಇದೇ. ನನ್ನ ಸಿಟ್ಟು ಇದರ ಮೇಲೆ. ಹೊಸ ಕಂಪೈಲರ್ ನಮಗೆ ತೊಂದರೆ ಕೊಡುತ್ತಿಲ್ಲ, ಎರಡು ವರ್ಷದಿಂದ ಇದ್ದ ತೊಂದರೆಯನ್ನು ತೋರಿಸುತ್ತಿದೆ. ಹಳೇ ಕಂಪೈಲರಿನಲ್ಲೇ ಇರುವವರು ಎಫ್ ನೋ ಕಾಮನ್ ಅಂತ ಹಾಕಿ ಒಮ್ಮೆ ಬಿಲ್ಡ್ ಮಾಡಿ ನೋಡಿ. ಏನೇನು ಹೊರಬರುತ್ತದೋ!

ನನ್ನ ಎರಡನೇ ತಕರಾರು ನಾವು ಇದನ್ನು ಕಲಿಯುವ ರೀತಿಯ ಬಗ್ಗೆ. ಸ್ಟೋರೇಜ್ ಕ್ಲಾಸ್ ನಾಲ್ಕು: ಆಟೋ, ರಿಜಿಸ್ಟರ್, ಸ್ಟಾಟಿಕ್, ಎಕ್ಸ್‌ಟರ್ನ್. ಇದು ಕಾಲೇಜಿನಲ್ಲಿ ನಾವು ಬಾಯಿಪಾಠ ಮಾಡಿದ ಉತ್ತರ. ಇಂಟರ್‌ವ್ಯೂನಲ್ಲೂ ಅದನ್ನೇ ಕೇಳುತ್ತಾರೆ, ಅದನ್ನೇ ಒಪ್ಪಿಸುತ್ತೇವೆ. ಸ್ಟಾಟಿಕ್ ಅಂದರೆ ಬೆಲೆ ಮರೆಯದ ವೇರಿಯಬಲ್ ಅಂತ ಎಲ್ಲರೂ ಹೇಳುತ್ತಾರೆ. ಅದು ಫಂಕ್ಷನ್ ಒಳಗಿನ ಮಾತು. ಫಂಕ್ಷನ್ ಹೊರಗೆ ಇರುವುದೆಲ್ಲ ಹೇಗೂ ಬೆಲೆ ಮರೆಯುವುದಿಲ್ಲ, ಅಲ್ಲಿ ಸ್ಟಾಟಿಕ್ ಮಾಡುವ ಕೆಲಸ ಬಚ್ಚಿಡುವುದು. ಒಂದೇ ಪದಕ್ಕೆ ಎರಡು ಕೆಲಸ ಕೊಟ್ಟಿದ್ದು ಭಾಷೆ ಮಾಡಿದವರ ತಪ್ಪು ಅನ್ನಿ. ಆದರೆ ಯಾರಿಗೆ ಮುಟ್ಟುವ ಹಕ್ಕಿದೆ ಎಂಬ ಮುಖ್ಯ ವಿಷಯವನ್ನು ಎರಡು ಅಂಕದ ಪ್ರಶ್ನೆ ಮಾಡಿದ್ದು ನಮ್ಮ ತಪ್ಪು.

ಇದು ನನ್ನೊಬ್ಬನ ಹಟವೇನೂ ಅಲ್ಲ. 1998ರಲ್ಲಿ ಬ್ರಿಟನ್ನಿನ ಕಾರು ಉದ್ಯಮದವರು ಮಿಸ್ರಾ ಸಿ ಎಂಬ ನಿಯಮಗಳ ಪುಸ್ತಕ ತಂದರು (ಹೆಸರು ಕೇಳಿ ಉತ್ತರ ಪ್ರದೇಶದ ಮಿಶ್ರಾಜಿ ಅಂದುಕೊಳ್ಳಬೇಡಿ). ಅದರ 2012ರ ಆವೃತ್ತಿಯ 8.7ನೇ ನಿಯಮದ ತಾತ್ಪರ್ಯ ಇಷ್ಟೇ: ಒಂದೇ ಫೈಲಿನಲ್ಲಿ ಬಳಸುವುದನ್ನು ಹೊರಗೆ ಕಾಣುವಂತೆ ಇಡಬೇಡಿ. 8.9 ಇನ್ನೂ ಒಂದು ಹೆಜ್ಜೆ ಮುಂದೆ, ಒಂದೇ ಫಂಕ್ಷನ್‌ನಲ್ಲಿ ಬಳಸುವುದನ್ನು ಆ ಫಂಕ್ಷನ್ ಒಳಗೇ ಇಡಿ ಅನ್ನುತ್ತದೆ. ಆದರೆ ಎರಡೂ ಬರೀ ಸಲಹೆಗಳು, ಕಡ್ಡಾಯವಲ್ಲ. ನಾನಾಗಿದ್ದರೆ ಕಡ್ಡಾಯ ಮಾಡುತ್ತಿದ್ದೆ.

ದೊಡ್ಡವರ ಮನೆಯಲ್ಲೂ ಇದೇ ದೋಸೆ ತೂತು. ಅಮೆರಿಕದ ಓಕ್ಲಹೋಮಾದಲ್ಲಿ 2007ರಲ್ಲಿ ಒಂದು ಟೊಯೊಟಾ ಕ್ಯಾಮ್ರಿ ತಾನಾಗಿಯೇ ವೇಗ ಏರಿ ಅಪಘಾತವಾಯಿತು ಅಂತ ಕೇಸು ನಡೆಯಿತು. ಒಬ್ಬರು ಸತ್ತಿದ್ದರು. ಕಾರಿನ ಸಾಫ್ಟ್‌ವೇರಿನಲ್ಲಿ ಹತ್ತು ಸಾವಿರದ ಆಸುಪಾಸು ಗ್ಲೋಬಲ್ ವೇರಿಯಬಲ್‌ಗಳಿದ್ದವು ಎಂಬುದು ಫಿರ್ಯಾದಿಗಳ ಪರ ತಜ್ಞರು ಎತ್ತಿದ ಆಕ್ಷೇಪಗಳಲ್ಲಿ ಒಂದು. 2013ರ ಅಕ್ಟೋಬರಿನಲ್ಲಿ ಜ್ಯೂರಿ ಕಂಪನಿಯ ವಿರುದ್ಧ ತೀರ್ಪು ಕೊಟ್ಟಿತು. ಇದಕ್ಕೂ ಮುಂಚೆ 2011ರಲ್ಲಿ ನಾಸಾ ತಂಡ ಪರೀಕ್ಷೆ ಮಾಡಿ ಎಲೆಕ್ಟ್ರಾನಿಕ್ಸ್ ದೋಷವೇ ಕಾರಣ ಅನ್ನುವುದಕ್ಕೆ ಆಧಾರ ಸಿಗಲಿಲ್ಲ ಅಂದಿತ್ತು, ಅದನ್ನೂ ಹೇಳಬೇಕು. ಆದರೂ ಹತ್ತು ಸಾವಿರ ಹೆಸರುಗಳನ್ನು ಯಾರು ಯಾವಾಗ ಬದಲಿಸುತ್ತಾರೆ ಅಂತ ಲೆಕ್ಕ ಇಡುವುದು ಮನುಷ್ಯರ ಕೈಲಿ ಆಗುವ ಕೆಲಸವೇ?

"ಇಂಟರಪ್ಟ್ ಜೊತೆ ಡೇಟಾ ಹಂಚಿಕೊಳ್ಳಬೇಕು, ಗ್ಲೋಬಲ್ ಇಲ್ಲದೆ ಆಗುವುದಿಲ್ಲ" ಅಂತ ಎಂಬೆಡೆಡ್ ಗೆಳೆಯರು ಹೇಳುತ್ತಾರೆ. ಒಪ್ಪಿದೆ, ಹಂಚಿಕೊಳ್ಳಬೇಕು. ಆದರೆ ಇಂಟರಪ್ಟ್ ಫಂಕ್ಷನ್ನನ್ನೂ ಆ ವೇರಿಯಬಲ್ಲನ್ನೂ ಒಂದೇ ಫೈಲಿನಲ್ಲಿಟ್ಟು, ಸ್ಟಾಟಿಕ್ ವೊಲಾಟೈಲ್ ಅಂತ ಬರೆದು, ಹೊರಗಿನವರಿಗೆ ಓದಲು ಒಂದು ಸಣ್ಣ ಫಂಕ್ಷನ್ ಕೊಡಿ. "ಚಿಪ್ಪು ಸಣ್ಣದು, ಫಂಕ್ಷನ್ ಕಾಲ್ ದುಬಾರಿ" ಅನ್ನುವವರಿಗೆ: ತೀರಾ ಬಿಗಿಯಾದ ಒಂದೆರಡು ಕಡೆ ಇರಬಹುದು, ಅಳೆದು ನೋಡಿ ಅಲ್ಲಿ ಮಾತ್ರ ಬಿಡಿ. ಅಳೆಯದೆ ಹೇಳುವವರೇ ಜಾಸ್ತಿ. ಇನ್ನು ಸ್ಟಾಟಿಕ್ ಅಂತ ಬರೆದ ಸಣ್ಣ ಫಂಕ್ಷನ್‌ಗಳನ್ನು ಕಂಪೈಲರ್ ಧೈರ್ಯವಾಗಿ ಒಳಗೇ ಸೇರಿಸಿ ಜಾಗ ಉಳಿಸಬಲ್ಲದು, ಹೊರಗಿನಿಂದ ಯಾರೂ ಕರೆಯುವುದಿಲ್ಲ ಅಂತ ಅದಕ್ಕೆ ಗೊತ್ತಿರುತ್ತದಲ್ಲ.

ನಮ್ಮ ಜಿಲ್ಲೆಯವರಿಗಂತೂ ಇದನ್ನು ವಿವರಿಸಿ ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮಾನ್ವಿ, ರಾಯಚೂರಿನ ಕೊನೆ ಭಾಗದ ಹೊಲಕ್ಕೆ ತಲುಪುವುದಿಲ್ಲ ಅಂತ ವರ್ಷ ವರ್ಷ ಗಲಾಟೆ. ಮೇಲ್ಭಾಗದಲ್ಲಿ ಯಾರು ಎಲ್ಲಿ ಪೈಪು ಇಳಿಸಿದರೋ ಕೆಳಗಿನವನಿಗೆ ಗೊತ್ತಾಗುವುದಿಲ್ಲ, ಅವನಿಗೆ ಕಾಣುವುದು ಒಣ ಕಾಲುವೆ ಮಾತ್ರ. ಗೇಟು ಮುಟ್ಟುವವನು ಗ್ಯಾಂಗ್‌ಮನ್ ಒಬ್ಬನೇ ಆದರೆ ಕನಿಷ್ಠ ಯಾರನ್ನು ಕೇಳಬೇಕು ಅಂತಾದರೂ ಗೊತ್ತಿರುತ್ತದೆ. ಸ್ಟಾಟಿಕ್ ಬರೆಯುವುದು ಅಂದರೆ ಗೇಟಿನ ಕೀಲಿಯನ್ನು ಒಬ್ಬನ ಕೈಗೆ ಕೊಡುವುದು.

ಹಾಗಾಗಿ ಈಗ ನನ್ನ ಅಭ್ಯಾಸ ಇದು. ಫಂಕ್ಷನ್ ಹೊರಗೆ ಏನೇ ಬರೆದರೂ ಮೊದಲ ಪದ ಸ್ಟಾಟಿಕ್. ಬೇರೆ ಫೈಲಿಗೆ ನಿಜವಾಗಿಯೂ ಬೇಕು ಅಂತ ಯಾರಾದರೂ ಬಂದು ಕೇಳಿದಾಗ ಮಾತ್ರ ತೆಗೆಯುತ್ತೇನೆ, ಆಗ ಹೆಸರಿನ ಮುಂದೆ ಮಾಡ್ಯೂಲಿನ ಹೆಸರು ಸೇರಿಸುತ್ತೇನೆ. ಮೋಟಾರ್_ರಿಟ್ರೈ_ಕೌಂಟ್. ದೇವದುರ್ಗದ ಗಬ್ಬೂರು ಅಂದ ಹಾಗೆ.

ಎರರ್ ಕಂಡ ದಿನ ಸಂಜೆಯೇ ಕಾಕಾನ ಮನೆಗೆ ಹೋದೆ. "ಕಾಕಾ, ಅವತ್ತು ಕರೆಂಟಿನ ತಪ್ಪಲ್ಲ, ನಂದೇ ತಪ್ಪು" ಅಂದೆ. ಒಂದು ಕಾಗದದ ಮೇಲೆ ಎರಡು ಫೈಲು, ಒಂದು ಎಣಿಕೆ ಬರೆದು ತೋರಿಸಿದೆ. ಅವನು ಸ್ವಲ್ಪ ಹೊತ್ತು ನೋಡಿ, "ಇಬ್ಬರು ಒಂದs ಬುಕ್ಕಿನ್ಯಾಗ ಲೆಕ್ಕ ಬರದೀರಿ, ಒಬ್ಬರಿಗೊಬ್ಬರು ಹೇಳಿಲ್ಲ, ಅಷ್ಟs ಹೌದಿಲ್ಲೋ?" ಅಂದ. ಕಾಲೇಜಿನಲ್ಲಿ ಯಾರೂ ಹೀಗೆ ಹೇಳಿಕೊಟ್ಟಿರಲಿಲ್ಲ. ರಿವೈಂಡಿಂಗ್ ದುಡ್ಡು ಕೊಡಲು ಹೋದೆ, ತಗೊಳ್ಳಲಿಲ್ಲ. "ಉಳಿದೋರ ಹೊಲದಾಗ ಹಚ್ಚಿದ ಡಬ್ಬಿ ಮೊದ್ಲು ಸರಿ ಮಾಡು ಹೋಗು" ಅಂದ.

ಮಾಡಿದೆವು, ಆ ಫ್ಲ್ಯಾಗ್ ಹಾಕದೆಯೇ. ನಿಮ್ಮ ಕೋಡಿನಲ್ಲೂ ಇಂಥ ಎರಡು ಗಬ್ಬೂರುಗಳಿದ್ದರೆ ಹೇಳಿ, ಮೋಟಾರು ಸುಡುವ ಮುಂಚೆ ಸಿಕ್ಕಿದ್ದರೆ ನೀವು ನನಗಿಂತ ಪುಣ್ಯವಂತರು.