ಕಳ್ಳನ ಮೈಬಣ್ಣ ಸುಳಿವಲ್ಲ

ನಮ್ಮ ಕತ್ತಲಗೆರೆಯ ಹೆಸರಿನಲ್ಲೇ ಕತ್ತಲಿದೆ. ಪತ್ತೇದಾರಿ ಕಾದಂಬರಿ ಓದಲು ಇದಕ್ಕಿಂತ ಒಳ್ಳೆಯ ಊರು ಬೇಕೆ ಎಂದು ನಾನು ತಮಾಷೆ ಮಾಡುವುದುಂಟು. ಹುಡುಗನಾಗಿದ್ದಾಗ ಎನ್. ನರಸಿಂಹಯ್ಯನವರ ಕಾದಂಬರಿಗಳನ್ನು ಪಠ್ಯಪುಸ್ತಕದೊಳಗೆ ಬಚ್ಚಿಟ್ಟು ಓದಿದವನು ನಾನು. ಹಾಗಾಗಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಪತ್ತೇದಾರಿ ಪುಸ್ತಕ ಕೇಳಿದಾಗ ಮನೆಯ ಕಪಾಟಿನಿಂದ ನಾಲ್ಕು ತಂದುಕೊಟ್ಟೆ.

ವಾರದ ಮೇಲೆ ಹಿಂದಿರುಗಿಸಿದಳು. "ಚೆನ್ನಾಗಿವೆ ಸಾರ್. ಆದರೆ ಪತ್ತೇದಾರ ನಾಲ್ಕರಲ್ಲೂ ಬೆಳ್ಳಗಿದ್ದಾನೆ. ಕರ್ರಗಿರೋನು ಬಂದ ಕೂಡಲೇ ಅವನೇ ಕಳ್ಳ ಅಂತ ಗೊತ್ತಾಗಿಬಿಡುತ್ತೆ. ನನ್ನ ಹಾಗೆ ಕಪ್ಪಗಿರೋರು ಕಳ್ಳನ್ನ ಹಿಡಿಯೋ ಪುಸ್ತಕ ಇಲ್ವಾ?"

ಇಷ್ಟು ವರ್ಷ ಓದಿದ ನನ್ನ ಕಣ್ಣಿಗೆ ಇದು ಬಿದ್ದೇ ಇರಲಿಲ್ಲ! ಹುಡುಕಲು ಕುಳಿತೆ.

ಅಮೆರಿಕದಲ್ಲಿ ಸಿಕ್ಕವು. ಚೆಸ್ಟರ್ ಹೈಮ್ಸ್ 1957ರಿಂದ ಬರೆದ ಸರಣಿಯಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಇಬ್ಬರು ಕರಿಯ ಪತ್ತೇದಾರರಿದ್ದಾರೆ. ವಾಲ್ಟರ್ ಮೋಸ್ಲಿಯ 1990ರ ಕಾದಂಬರಿಯಲ್ಲಿ ಕೆಲಸ ಕಳೆದುಕೊಂಡ ಕರಿಯ ಮಾಜಿ ಸೈನಿಕನೇ ನಾಯಕ. ನನಗೆ ಹೆಚ್ಚು ಹಿಡಿಸಿದವರು ರುಡಾಲ್ಫ್ ಫಿಶರ್. ಅವರು ಎಕ್ಸ್-ರೇ ತಜ್ಞ ವೈದ್ಯರು. 1932ರಲ್ಲಿ ಬಂದ ಅವರ 'ದಿ ಕಾಂಜರ್-ಮ್ಯಾನ್ ಡೈಸ್' ಕಾದಂಬರಿಯಲ್ಲಿ ಪತ್ತೇದಾರ, ವೈದ್ಯ, ಅನುಮಾನಿತರು ಎಲ್ಲರೂ ಕರಿಯರೇ. ಅಲ್ಲಿ ಮೈಬಣ್ಣ ಸುಳಿವೇ ಆಗದು. ಸಾಕ್ಷಿಯನ್ನು ಹುಡುಕಲೇಬೇಕು. ವಿಜ್ಞಾನದ ಪಾಠವೂ ಇದೇ ಅಲ್ಲವೆ?

ಬಣ್ಣದ ವಿಷಯಕ್ಕೆ ಬಂದರೆ, ಚರ್ಮದಲ್ಲಿ ಮೆಲನಿನ್ ತಯಾರಿಸುವ ಜೀವಕೋಶಗಳ ಸಂಖ್ಯೆ ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ಮೆಲನಿನ್‌ನ ಪ್ರಮಾಣ ಮತ್ತು ಬಗೆಯಲ್ಲಷ್ಟೇ ವ್ಯತ್ಯಾಸ. ಬಿಸಿಲಿನ ನೇರಳಾತೀತ ಕಿರಣಗಳಿಗೆ ಅದೇ ಕೊಡೆ. ಬುದ್ಧಿಗೂ ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಕಥೆಗಾಗಿ ನಾವು ಅಮೆರಿಕಕ್ಕೇ ಹೋಗಬೇಕೆ? ನಮ್ಮ ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿ ಸಿದ್ದಿಗಳಿದ್ದಾರೆ. ಅವರ ಪೂರ್ವಿಕರು ಆಫ್ರಿಕಾದವರು. ಅವರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಇದಕ್ಕಿಂತ ರೋಮಾಂಚಕ ಕಥೆ ಯಾವುದು? 2020ರಲ್ಲಿ ಆ ಸಮುದಾಯದ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿನ ಸದಸ್ಯರಾದರು. ಆದರೂ ಸಿದ್ದಿ ಪತ್ತೇದಾರನೊಬ್ಬ ನನ್ನ ಕಪಾಟಿನಲ್ಲಿಲ್ಲ.

ಪೋಷಕರಲ್ಲಿ ಒಂದು ಮಾತು. "ಹುಡುಗಿ ಕಪ್ಪಾದರೂ ಲಕ್ಷಣವಾಗಿದ್ದಾಳೆ" ಎನ್ನುತ್ತೇವೆ. ಹೊಗಳಿಕೆಯೆಂದೇ ಹೇಳುತ್ತೇವೆ. ಮಗುವಿನ ಕಿವಿಗೆ ಕೇಳಿಸುವುದು ಮಾತ್ರ ಆ 'ಆದರೂ'. ಅದೊಂದನ್ನು ಬಿಟ್ಟುಬಿಡೋಣ.

ಹುಡುಗಿಗೆ ಇದನ್ನೆಲ್ಲ ಹೇಳಿ, "ಪುಸ್ತಕ ಸಿಗದಿದ್ದರೆ ನೀನೇ ಬರಿ" ಎಂದೆ. ಮೊನ್ನೆ ನೋಟ್‌ಬುಕ್ಕಿನ ಆರು ಪುಟ ತುಂಬಿಸಿ ತಂದಿದ್ದಳು. ಭದ್ರಾ ನಾಲೆಯ ಏರಿಯ ಮೇಲೆ ಅಡಿಕೆ ಮೂಟೆಗಳು ಮಾಯವಾಗುತ್ತವೆ. ಪತ್ತೆಗೆ ಹೊರಟವಳು ಯಲ್ಲಾಪುರದಿಂದ ವರ್ಗವಾಗಿ ಬಂದ ಸಿದ್ದಿ ಇನ್ಸ್‌ಪೆಕ್ಟರ್.

"ಕಳ್ಳ ಯಾರಮ್ಮ?" ಎಂದೆ.

"ಈಗಲೇ ಹೇಳಲ್ಲ ಸಾರ್. ಸಾಕ್ಷಿ ಹುಡುಕಿ" ಎಂದಳು.