ನೆಲ ಡೊಂಕೋ, ಕುಣಿತ ಡೊಂಕೋ?

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಬೆಂಗಳೂರಿನಲ್ಲಿ ಇಂಜಿನಿಯರ್. ಕಾಫಿ ಕುಡಿಯುತ್ತಾ, "ಸಾರ್, ಹೊಸ ಡ್ರೈವರ್ ತಗೊಳ್ಳೋಣ ಅಂತಿದ್ದೀನಿ. ಹಳೆಯದಕ್ಕೆ ಏಳು ವರ್ಷ ಆಯಿತು" ಎಂದ. ಕಾರು ಓಡಿಸುವವನನ್ನು ಹೀಗೆ 'ಹಳೆಯದು' ಎನ್ನುವುದೇ ಎಂದು ನಾನು ಗದರಿಸುವವನಿದ್ದೆ. ಆಮೇಲೆ ತಿಳಿಯಿತು, ಆತ ಹೇಳುತ್ತಿದ್ದುದು ಗಾಲ್ಫ್ ಆಟದಲ್ಲಿ ಚೆಂಡನ್ನು ಅತಿ ದೂರಕ್ಕೆ ಹೊಡೆಯಲು ಬಳಸುವ, ದಪ್ಪ ತಲೆಯ ಕೋಲಿನ ವಿಷಯ. ಬೆಲೆ ಸುಮಾರು ಅರ್ಧ ಲಕ್ಷ ರೂಪಾಯಿ! "ಹತ್ತು ಗಜ ಹೆಚ್ಚು ಹೋಗುತ್ತದಂತೆ. ನೀವು ವಿಜ್ಞಾನದ ಮೇಷ್ಟ್ರು, ನೀವೇ ಹೇಳಿ" ಎಂದ.

ನಾನು ಗಾಲ್ಫ್ ಆಡಿದವನಲ್ಲ. ಆದರೆ ಢಿಕ್ಕಿಯ ನಿಯಮಗಳನ್ನು ದಶಕಗಳ ಕಾಲ ಪಾಠ ಮಾಡಿದವನು. ಆದ್ದರಿಂದ ಕೆಲವು ದಿನ ಕುಳಿತು ಓದಿದೆ.

ಒಂದು ಕಾಲದಲ್ಲಿ ಈ ಕೋಲಿನ ತಲೆ ಪರ್ಸಿಮನ್ ಮರದ್ದಾಗಿತ್ತು. ಆಮೇಲೆ ಉಕ್ಕು, 1990ರ ದಶಕದಲ್ಲಿ ಟೈಟೇನಿಯಂ ಬಂದವು. ತಲೆ ದೊಡ್ಡದಾಯಿತು, ಮುಖ ತೆಳುವಾಗಿ ಸ್ಪ್ರಿಂಗಿನಂತೆ ಪುಟಿಯತೊಡಗಿತು. ಆಗ ಚೆಂಡು ನಿಜಕ್ಕೂ ಹೆಚ್ಚು ದೂರ ಹೋಯಿತು. ಇದನ್ನು ಕಂಡ ಆಟದ ನಿಯಾಮಕ ಸಂಸ್ಥೆಗಳು ಬೇಲಿ ಹಾಕಿದವು. 2004ರಿಂದ ತಲೆಯ ಗಾತ್ರ 460 ಘನ ಸೆಂಟಿಮೀಟರಿಗೆ ಮಿತಿಗೊಂಡಿತು. ಪುಟಿತಕ್ಕೂ ಮಿತಿ ಬಂತು: ಢಿಕ್ಕಿಯ ಅನಂತರದ ಸಾಪೇಕ್ಷ ವೇಗವು ಮೊದಲಿನ ಸಾಪೇಕ್ಷ ವೇಗದ 0.83 ಪಾಲನ್ನು ಮೀರುವಂತಿಲ್ಲ. ಕಂಪನಿಗಳು ಈ ಬೇಲಿಯ ಅಂಚಿಗೆ ಬಂದು ಎಷ್ಟೋ ವರ್ಷಗಳಾದವು.

ಈಗ ಸರಳ ಲೆಕ್ಕ ಮಾಡೋಣ. 2004ರಿಂದ ವರ್ಷಕ್ಕೆ ಹತ್ತು ಗಜದಂತೆ ಹೆಚ್ಚಿದ್ದರೆ ಇಪ್ಪತ್ತು ವರ್ಷಕ್ಕೆ ಇನ್ನೂರು ಗಜ. ಇನ್ನೂರು ಗಜ ಹೊಡೆಯುತ್ತಿದ್ದ ನನ್ನ ಶಿಷ್ಯ ಇಂದು ನಾನೂರು ಗಜ ಹೊಡೆಯಬೇಕಿತ್ತು. ಪಾಪ, ಅವನು ಇನ್ನೂ ಅಲ್ಲೇ ಇದ್ದಾನೆ!

ಹಾಗೆಂದು ಹೊಸದರಲ್ಲಿ ಹುರುಳೇ ಇಲ್ಲವೆಂದರೆ ಅನ್ಯಾಯವಾದೀತು. ಚೆಂಡು ಮುಖದ ನಡುವೆ ತಗಲದೆ ಅಂಚಿಗೆ ತಗಲಿದಾಗ ತಲೆ ತಿರುಚಿಕೊಳ್ಳುತ್ತದೆ. ತೂಕವನ್ನು ಅಂಚುಗಳಿಗೆ ಹಂಚಿದರೆ ಆ ತಿರುಚು ಕಡಿಮೆಯಾಗುತ್ತದೆ. ಈ ವಿಷಯದಲ್ಲಿ ಪ್ರಗತಿ ನಿಜ. ಆದರೆ ಇಲ್ಲಿಯೂ ಅಂಕಿಗಳ ಆಟವಿದೆ. 2024ರಲ್ಲಿ 'ಹತ್ತು ಸಾವಿರ' ಎಂಬ ಸಂಖ್ಯೆಯನ್ನು ದೊಡ್ಡದಾಗಿ ಸಾರಿದರು. ನಿಯಮದ ಮಿತಿ 5,900 ಮಾತ್ರ! ಹೇಗೆ ಸಾಧ್ಯ? ಎರಡು ಅಕ್ಷಗಳ ಸುತ್ತಲಿನ ಬೆಲೆಗಳನ್ನು ಕೂಡಿಸಿ ಹೇಳಿದ್ದರು. ಸುಳ್ಳಲ್ಲ, ಆದರೆ ಗ್ರಾಹಕನಿಗೆ ಅರ್ಥವಾಗುವ ಸತ್ಯವೂ ಅಲ್ಲ.

ಅಂಗಡಿಯ ಪರೀಕ್ಷೆಯನ್ನೂ ನಂಬಬೇಡ ಎಂದೆ. ಅಲ್ಲಿ ಹೊಸ ಕೋಲಿನ ಅತ್ಯುತ್ತಮ ಹೊಡೆತವನ್ನು ಹಳೆಯ ಕೋಲಿನ ನೆನಪಿನೊಡನೆ ಹೋಲಿಸುತ್ತೇವೆ. ಅದು ಪ್ರಯೋಗವಲ್ಲ. ಎರಡನ್ನೂ ಒಂದೇ ದಿನ, ಒಂದೇ ಬಗೆಯ ಚೆಂಡಿನಲ್ಲಿ, ಐದೈದರಂತೆ ಸರದಿಯಲ್ಲಿ ಹೊಡೆ. ಕೆಟ್ಟ ಹೊಡೆತಗಳನ್ನು ಬಿಡದೆ ಸರಾಸರಿ ತೆಗೆ ಎಂದು ಹೇಳಿ ಕಳುಹಿಸಿದೆ.

ಎರಡು ವಾರದ ಮೇಲೆ ಫೋನು ಬಂತು. ಸರಾಸರಿ ವ್ಯತ್ಯಾಸ ನಾಲ್ಕೇ ಗಜ. ಆಮೇಲೆ ಅಲ್ಲಿನ ತರಬೇತುದಾರರು ಹಳೆಯ ಕೋಲಿನ ಕತ್ತನ್ನು ತಿರುಗಿಸಿ ಮುಖದ ಓರೆಯನ್ನು ಒಂದೂವರೆ ಡಿಗ್ರಿ ಹೆಚ್ಚಿಸಿಕೊಟ್ಟರಂತೆ. ಚೆಂಡು ಎತ್ತರಕ್ಕೆ ಎದ್ದು, ಆ ನಾಲ್ಕು ಗಜ ಅದರಲ್ಲೇ ಬಂತಂತೆ!

ಇಲ್ಲಿ ಓದುಗರು 'ಕುಣಿಯಲಾರದವಳು ನೆಲ ಡೊಂಕು ಎಂದಳಂತೆ' ಎಂಬ ಗಾದೆಯನ್ನು ನೆನೆಯಬಹುದು. ನಾನೂ ಅದನ್ನು ತರಗತಿಯಲ್ಲಿ ಧಾರಾಳವಾಗಿ ಬಳಸಿದವನೇ. ಒಮ್ಮೆ ಪ್ರಯೋಗಾಲಯದಲ್ಲಿ ಹುಡುಗನೊಬ್ಬ ಸ್ಪ್ರಿಂಗ್ ತ್ರಾಸು ಸರಿಯಿಲ್ಲವೆಂದಾಗ ಇದೇ ಗಾದೆ ಹೇಳಿ, ಎಲ್ಲರೆದುರು ನಗೆಗೀಡು ಮಾಡಿದ್ದೆ. ಮರುವರ್ಷ ಆ ತ್ರಾಸನ್ನು ನಾನೇ ಪರೀಕ್ಷಿಸಿದಾಗ ಅದರ ಸ್ಪ್ರಿಂಗು ಸಡಿಲಾಗಿತ್ತು. ಅಷ್ಟರಲ್ಲಿ ಹುಡುಗ ಶಾಲೆ ಮುಗಿಸಿ ಹೋಗಿದ್ದ. ಆ ನಾಚಿಕೆ ನನ್ನಲ್ಲಿ ಇಂದಿಗೂ ಉಳಿದಿದೆ. ನೆಲ ಕೆಲವೊಮ್ಮೆ ನಿಜವಾಗಿಯೂ ಡೊಂಕಾಗಿರುತ್ತದೆ. ಅಳೆದು ನೋಡದೆ ನೆಲವನ್ನು ದೂರುವುದು ಎಷ್ಟು ತಪ್ಪೋ, ಅಳೆದು ನೋಡದೆ ಕುಣಿಯುವವರನ್ನು ದೂರುವುದೂ ಅಷ್ಟೇ ತಪ್ಪು.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು. ಕೋಲು ಹದಿನೈದು ವರ್ಷ ಹಳೆಯದಾಗಿದ್ದರೆ, ಇಲ್ಲವೇ ನಿಮ್ಮ ಬೀಸಿಗೆ ಹೊಂದದಿದ್ದರೆ ಬದಲಿಸಿ. ಹೊಸ ಮಾದರಿ ಬಂದಾಗ ಅಗ್ಗವಾಗುವ ಹಿಂದಿನ ವರ್ಷದ್ದೇ ಸಾಕು. ನಾಲ್ಕೈದು ವರ್ಷದ್ದಾದರೆ ಹಣವನ್ನು ತರಬೇತಿಗೆ ಕೊಡಿ. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದಿಂದ ಪದಕದ ಅವಕಾಶ ತಪ್ಪಿ ನಾಲ್ಕನೆಯವರಾದರು. ದೂರ ಹೊಡೆಯುವುದರಲ್ಲಿ ಅವರು ಅಲ್ಲಿ ಬಹಳ ಹಿಂದಿದ್ದರು. ಅವರನ್ನು ಅಷ್ಟು ಮೇಲಕ್ಕೆ ತಂದುದು ಗುಳಿಯ ಬಳಿಯ ಪುಟ್ಟ ಹೊಡೆತಗಳು.

ಶಿಷ್ಯ ಹೊಸ ಡ್ರೈವರ್ ಕೊಳ್ಳಲಿಲ್ಲ. ಮುಂದಿನ ವರ್ಷ ಕೊಂಡರೂ ನನಗೆ ಬೇಸರವಿಲ್ಲ. ಅಳೆದು ಕೊಂಡರೆ ಸಾಕು.