ಅಯಸ್ಕಾಂತದ ಯಂತ್ರ ಕೊಳ್ಳುವ ಮುನ್ನ

ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರನ್ನೋ, ಮಂಡಿನೋವಿನಿಂದ ಮೆಟ್ಟಿಲು ಹತ್ತಲಾರದ ಹಿರಿಯರನ್ನೋ ನೋಡಲು ಬರುವವರು ಹಣ್ಣಿನ ಜೊತೆಗೆ ಒಂದು ಸಲಹೆಯನ್ನೂ ತರುತ್ತಾರೆ. ಹಿಂದೆ ಅದು ಎಣ್ಣೆಯದೋ ಲೇಹ್ಯದ್ದೋ ಆಗಿರುತ್ತಿತ್ತು. ಈಗ ಆ ಸಾಲಿಗೆ ಹೊಸದೊಂದು ಸೇರಿದೆ: "ಪಿಇಎಂಎಫ್ ಯಂತ್ರ ತಂದುಬಿಡಿ, ಮನೆಯಲ್ಲೇ ಗುಣವಾಗುತ್ತದೆ." ಯಂತ್ರದ ಬೆಲೆ ಕೆಲವು ಸಾವಿರದಿಂದ ಲಕ್ಷ ರೂಪಾಯಿ ದಾಟುವವರೆಗೂ ಇದೆ. ಆದ್ದರಿಂದ ಹಣ ಎಣಿಸುವ ಮೊದಲು ನಾಲ್ಕು ಮಾತು ತಿಳಿದಿರುವುದು ಒಳ್ಳೆಯದು.

ಏನಿದು ಯಂತ್ರ?

ಪಲ್ಸ್ಡ್ ಎಲೆಕ್ಟ್ರೋಮ್ಯಾಗ್ನೆಟಿಕ್ ಫೀಲ್ಡ್, ಅಂದರೆ ಮಿಡಿಯುವ ವಿದ್ಯುತ್ಕಾಂತ ಕ್ಷೇತ್ರ. ತಂತಿಯ ಸುರುಳಿಯಲ್ಲಿ ವಿದ್ಯುತ್ತನ್ನು ಬಿಟ್ಟುಬಿಟ್ಟು ಹರಿಸಿದರೆ ಸುತ್ತಲೂ ಕಾಂತಕ್ಷೇತ್ರ ಏಳುತ್ತದೆ, ಇಳಿಯುತ್ತದೆ. ಅದು ಪ್ಲಾಸ್ಟರನ್ನೂ ಚರ್ಮವನ್ನೂ ದಾಟಿ ಒಳಗಿನ ಅಂಗಾಂಶದಲ್ಲಿ ಅತಿ ಸಣ್ಣ ವಿದ್ಯುತ್ ಪ್ರವಾಹವನ್ನು ಹುಟ್ಟಿಸುತ್ತದೆ. ಇದು 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ತತ್ವ. ಮಂತ್ರವೂ ಅಲ್ಲ, ಮಾಯವೂ ಅಲ್ಲ.

ಮೂಳೆಗೂ ವಿದ್ಯುತ್ತಿಗೂ ಏನು ನಂಟು ಎಂದು ನೀವು ಕೇಳಬಹುದು. ಮೂಳೆಯ ಮೇಲೆ ಒತ್ತಡ ಬಿದ್ದಾಗ ಅದರಲ್ಲಿ ವಿದ್ಯುತ್ ಹುಟ್ಟುತ್ತದೆಂದು 1957ರಲ್ಲಿ ಜಪಾನಿನ ಫುಕಾಡಾ ಮತ್ತು ಯಸುದಾ ತೋರಿಸಿದರು. ಇದರ ಬೆನ್ನು ಹಿಡಿದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಆಂಡ್ರ್ಯೂ ಬ್ಯಾಸೆಟ್, ತಿಂಗಳುಗಟ್ಟಲೆ ಕೂಡದೇ ಉಳಿದ ಮೂಳೆಗಳ ಮೇಲೆ ಮಿಡಿಯುವ ಕಾಂತಕ್ಷೇತ್ರವನ್ನು ಪ್ರಯೋಗಿಸಿದರು. ಅಂಥ ಕೂಡದ ಮುರಿತಗಳಿಗಾಗಿ 1979ರಲ್ಲಿ ಅಮೆರಿಕದ ಎಫ್‌ಡಿಎ ಸಾಧನಕ್ಕೆ ಒಪ್ಪಿಗೆ ಕೊಟ್ಟಿತು.

ಇಲ್ಲಿಯವರೆಗಿನ ಕಥೆ ನಿಜ. ಮಾರಾಟಗಾರರು ಇದನ್ನೇ ಹೇಳುತ್ತಾರೆ, ಆದರೆ ಮುಂದಿನದನ್ನು ಹೇಳುವುದಿಲ್ಲ.

ಪುರಾವೆ ಎಷ್ಟಿದೆ?

ಕೂಡದ ಮುರಿತಗಳ ಬಗ್ಗೆ ಕಾಕ್ರೇನ್ ಸಂಸ್ಥೆ 2011ರಲ್ಲಿ ನಡೆಸಿದ ಪರಾಮರ್ಶೆಗೆ ಸಿಕ್ಕ ಪ್ರಯೋಗಗಳು ನಾಲ್ಕು, ರೋಗಿಗಳು 125. ಲಾಭ ಇರಬಹುದು, ಖಚಿತವಾಗಿ ಹೇಳಲು ಪುರಾವೆ ಸಾಲದು ಎಂಬುದು ಅದರ ತೀರ್ಮಾನ. ಆಗತಾನೆ ಮುರಿದ ಮೊಳಕಾಲ ಮೂಳೆಯ ಮೇಲೆ 259 ಮಂದಿಯಲ್ಲಿ ನಡೆದ ಪ್ರಯೋಗವೊಂದು ಅದೇ ವರ್ಷ ಪ್ರಕಟವಾಯಿತು. ಅದರಲ್ಲಿ ಕೆಲವರಿಗೆ ನಿಜವಾದ ಯಂತ್ರ, ಉಳಿದವರಿಗೆ ನೋಡಲು ಹಾಗೆಯೇ ಇದ್ದ ಸುಮ್ಮನೆ ಯಂತ್ರ. ಮತ್ತೆ ಶಸ್ತ್ರಚಿಕಿತ್ಸೆ ಬೇಕಾದವರ ಪ್ರಮಾಣ ನಿಜ ಯಂತ್ರದಿಂದ ತಗ್ಗಲಿಲ್ಲ.

ಮಂಡಿಯ ಸಂಧಿವಾತದಲ್ಲಿ ಫಲ ಸ್ವಲ್ಪ ಉತ್ತಮ. ಒಂಬತ್ತು ಪ್ರಯೋಗಗಳ, 636 ಜನರ 2013ರ ಪರಾಮರ್ಶೆಯಲ್ಲಿ, ನೋವನ್ನು ನೂರು ಅಂಕಗಳಲ್ಲಿ ಅಳೆದಾಗ ಸುಳ್ಳು ಯಂತ್ರಕ್ಕಿಂತ ನಿಜ ಯಂತ್ರ ಸುಮಾರು 15 ಅಂಕ ಹೆಚ್ಚು ಇಳಿಸಿತ್ತು. ಓಡಾಟದ ಶಕ್ತಿಯಲ್ಲಿ ಮಾತ್ರ ಸ್ಪಷ್ಟ ಅಂತರ ಕಾಣಲಿಲ್ಲ.

ಹಾಗಾದರೆ "ನನಗೆ ಗುಣವಾಯಿತು" ಎನ್ನುವ ಪಕ್ಕದ ಮನೆಯವರು ಸುಳ್ಳು ಹೇಳುತ್ತಾರೆಯೇ? ಖಂಡಿತ ಇಲ್ಲ. ಮಂಡಿನೋವು ಏರಿ ಇಳಿಯುವ ಜಾಯಮಾನದ್ದು. ನಾವು ಯಂತ್ರ ಕೊಳ್ಳುವುದು ನೋವು ತಾರಕಕ್ಕೇರಿದಾಗ. ಅದು ತಾನಾಗಿ ಇಳಿಯುವ ಹೊತ್ತಿಗೆ ಕೀರ್ತಿ ಯಂತ್ರಕ್ಕೆ ಹೋಗುತ್ತದೆ. ಮುರಿದ ಮೂಳೆಯೂ ಅಷ್ಟೆ, ಬಹುಪಾಲು ತಾನಾಗಿಯೇ ಕೂಡುತ್ತದೆ. ಅದಕ್ಕೇ ಸುಳ್ಳು ಯಂತ್ರದೊಡನೆ ಹೋಲಿಸಿ ನೋಡಬೇಕಾಗುತ್ತದೆ.

ಕೇಳಬೇಕಾದ ಪ್ರಶ್ನೆಗಳು

ಮೊದಲ ಪ್ರಶ್ನೆ ಅಂಗಡಿಯವರಿಗಲ್ಲ, ನಿಮ್ಮ ಮೂಳೆತಜ್ಞರಿಗೆ: "ನನ್ನ ಕಾಯಿಲೆಗೆ ಇದು ಬೇಕೆ?" ಎಕ್ಸ್-ರೇಯಲ್ಲಿ ಮೂಳೆ ಕೂಡುತ್ತಿಲ್ಲವೆಂದು ಕಂಡು ವೈದ್ಯರೇ ಬರೆದುಕೊಟ್ಟರೆ ಮಾತು ಬೇರೆ. ಆಗ ಯಾವ ಸಾಧನ, ದಿನಕ್ಕೆ ಎಷ್ಟು ಹೊತ್ತು, ಎಷ್ಟು ತಿಂಗಳು ಎಂಬುದನ್ನೂ ಅವರಿಂದಲೇ ಬರೆಸಿಕೊಳ್ಳಿ.

ಇನ್ನು ಮಾರುವವರಿಗೆ. ಯಾವ ಕಾಯಿಲೆಗೆ, ಯಾರ ಒಪ್ಪಿಗೆ? ನಮ್ಮಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮಾವಳಿ ಜಾರಿಯಲ್ಲಿದೆ. ಪೆಟ್ಟಿಗೆಯ ಮೇಲೆ ಪರವಾನಗಿ ಸಂಖ್ಯೆ ಹುಡುಕಿ. "ಎಫ್‌ಡಿಎಯಲ್ಲಿ ನೋಂದಣಿಯಾಗಿದೆ" ಎಂಬ ಮಾತಿಗೆ ಮರುಳಾಗಬೇಡಿ. ಕಂಪನಿ ಹೆಸರು ನೋಂದಾಯಿಸುವುದು ಬೇರೆ, ಸಾಧನದ ಗುಣಕ್ಕೆ ಒಪ್ಪಿಗೆ ಸಿಗುವುದು ಬೇರೆ. ಮಿಡಿತದ ವೇಗ ಎಷ್ಟು ಹರ್ಟ್ಸ್, ಬಲ ಎಷ್ಟು ಗೌಸ್ ಎಂಬುದನ್ನು ಬರಹದಲ್ಲಿ ಕೊಡದ ಯಂತ್ರ ಬೇಡ. ಹಾಗೆಂದು ಗೌಸ್ ಹೆಚ್ಚಿದಷ್ಟೂ ಗುಣ ಹೆಚ್ಚೆಂದು ತಿಳಿಯುವುದೂ ತಪ್ಪು. ಎಂಆರ್‌ಐ ಯಂತ್ರದ 1.5 ಟೆಸ್ಲಾ ಎಂದರೆ 15,000 ಗೌಸ್. ಅದರೊಳಗೆ ಮಲಗಿ ಬಂದವರ ಮಂಡಿನೋವೇನೂ ವಾಸಿಯಾಗಿಲ್ಲ. ಬರೀ ಅಯಸ್ಕಾಂತದ ಹಾಸಿಗೆ, ಬಳೆ, ಪಟ್ಟಿಗಳಲ್ಲಂತೂ ಮಿಡಿತವೇ ಇಲ್ಲ. ಅವಕ್ಕೂ ಈ ಸಂಶೋಧನೆಗಳಿಗೂ ಸಂಬಂಧವಿಲ್ಲ.

ಕೊನೆಯದಾಗಿ, ಬಾಡಿಗೆಗೆ ಸಿಗುತ್ತದೆಯೇ, ಫಲ ಕಾಣದಿದ್ದರೆ ಹಣ ವಾಪಸೇ? ಮಂಡಿನೋವಿಗೆ ಪ್ರಯತ್ನಿಸಲೇಬೇಕೆಂದರೆ ಒಂದು ತಿಂಗಳು ಬಾಡಿಗೆಗೆ ತನ್ನಿ. ಎಷ್ಟು ದೂರ ನಡೆದಿರಿ, ಎಷ್ಟು ನೋವಿನ ಮಾತ್ರೆ ನುಂಗಿದಿರಿ ಎಂದು ದಿನವೂ ಬರೆದಿಡಿ. ಬದಲಾವಣೆ ಕಾಣದಿದ್ದರೆ ಸಂಕೋಚವಿಲ್ಲದೆ ಹಿಂದಿರುಗಿಸಿ.

ಒಂದೇ ಯಂತ್ರ ಮಧುಮೇಹ, ಪಾರ್ಶ್ವವಾಯು, ಕ್ಯಾನ್ಸರ್ ಎಲ್ಲಕ್ಕೂ ಮದ್ದೆಂದು ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಇಂಥ ಜಾಹೀರಾತನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಮೋಸಹೋದವರು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರಬಹುದು.

ಯಾರು ಬಳಸಬಾರದು?

ಎದೆಯಲ್ಲಿ ಪೇಸ್‌ಮೇಕರ್ ಇರುವವರು, ಇನ್ಸುಲಿನ್ ಪಂಪ್ ಅಥವಾ ಕಿವಿಯ ಕಾಕ್ಲಿಯರ್ ಸಾಧನ ಧರಿಸಿದವರು ಇದರಿಂದ ದೂರವಿರಬೇಕು. ಗರ್ಭಿಣಿಯರು, ಮೂರ್ಛೆರೋಗ ಅಥವಾ ಕ್ಯಾನ್ಸರ್ ಇರುವವರು ವೈದ್ಯರ ಅಪ್ಪಣೆಯಿಲ್ಲದೆ ಮುಟ್ಟಬಾರದು.

ಇದಕ್ಕಿಂತ ದೊಡ್ಡ ಅಪಾಯ ವಿಳಂಬ. ಶಸ್ತ್ರಚಿಕಿತ್ಸೆಯಾದ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಗಾಯ ಕೆಂಪಾಗಿ ಬಿಸಿಯೇರಿ ಜ್ವರ ಬಂದರೆ ಸೋಂಕು ತಗುಲಿರಬಹುದು. "ಇನ್ನೊಂದು ವಾರ ಯಂತ್ರ ಹಾಕಿ ನೋಡೋಣ" ಎಂದು ಕೂತರೆ ಆ ಒಂದು ವಾರದಲ್ಲಿ ಕಾಲು ಹೋಗಬಹುದು, ಪ್ರಾಣವೂ ಹೋಗಬಹುದು. ಅಂದೇ ಆಸ್ಪತ್ರೆಗೆ ಹೋಗಿ.

ಹಣ ಎಲ್ಲಿ ಸಾರ್ಥಕ?

ನನ್ನ ಅಭಿಪ್ರಾಯ ಇಷ್ಟೆ. ಕೂಡದ ಮೂಳೆಗೆ ವೈದ್ಯರು ಹೇಳಿದರೆ ಸರಿ. ಮಂಡಿನೋವಿಗೆ ಬಾಡಿಗೆಗೆ ತಂದು ಪರೀಕ್ಷಿಸಿದರೆ ಅಡ್ಡಿಯಿಲ್ಲ. ಮಿಕ್ಕ ಎಲ್ಲಕ್ಕೂ ಸಾಲಮಾಡಿ ಕೊಳ್ಳುವುದು ಬೇಡ. ಆ ಹಣದಲ್ಲಿ ಎಷ್ಟೋ ದಿನದ ಫಿಸಿಯೋಥೆರಪಿ ಸಿಗುತ್ತದೆ; ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಾದರೆ ಇನ್ನೂ ಕಡಿಮೆ ಖರ್ಚು. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ತೂಕ ಇಳಿಸುವುದು ಮಂಡಿಗೆ ನಿಜವಾದ ಆಸರೆ. ಮೂಳೆ ಕೂಡಲು ಬೀಡಿ ಸಿಗರೇಟು ಬಿಡಬೇಕು, ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು, ಊಟದಲ್ಲಿ ಬೇಳೆಕಾಳು, ಹಾಲು, ಮೊಟ್ಟೆ ಇರಬೇಕು.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎನ್ನುತ್ತದೆ ಗಾದೆ. ನಾವು ಬಯಸಿದ್ದನ್ನೇ ಹೇಳುವವನು ವೈದ್ಯನೋ ವ್ಯಾಪಾರಿಯೋ ಎಂದು ನೋಡಿಕೊಳ್ಳುವ ಎಚ್ಚರ ನಮ್ಮದಾಗಿರಲಿ.